ತೇಪೆ ಹಾಕುವ ಮುನ್ನ ಮೂಲಕ್ಕೆ ತಿಳಿಸಿ

2024ರ ಮಾರ್ಚ್ ತಿಂಗಳ ಕೊನೆ. ಮೈಕ್ರೊಸಾಫ್ಟ್‌ನಲ್ಲಿ ಕೆಲಸ ಮಾಡುವ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ತಮ್ಮ ಡೆಬಿಯನ್ ಯಂತ್ರದಲ್ಲಿ ವೇಗದ ಪರೀಕ್ಷೆಯೊಂದನ್ನು ನಡೆಸುತ್ತಿದ್ದರು. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸೇವೆ ಎಂದಿಗಿಂತ ಸುಮಾರು ಅರ್ಧ ಸೆಕೆಂಡ್ ನಿಧಾನವಾಗಿರುವುದು ಅವರ ಕಣ್ಣಿಗೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ‘ನೆಟ್ ಸ್ಲೋ ಇರಬೇಕು’ ಎಂದು ಸುಮ್ಮನಾಗುತ್ತಿದ್ದರೇನೋ. ಅವರು ಬೆನ್ನು ಹತ್ತಿದರು. ಕೊನೆಗೆ ಸಿಕ್ಕಿದ್ದು, ಫೈಲ್‌ಗಳ ಗಾತ್ರ ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಚಿಕ್ಕ ತಂತ್ರಾಂಶದೊಳಗೆ ಯಾರೋ ಅಡಗಿಸಿಟ್ಟಿದ್ದ ಹಿಂಬಾಗಿಲು. ಅದನ್ನು ಇಟ್ಟವರು ತಮ್ಮಲ್ಲಿದ್ದ ರಹಸ್ಯ ಕೀಲಿಯಿಂದ, ಪಾಸ್‌ವರ್ಡ್ ಏನೂ ಇಲ್ಲದೆ, ಸರ್ವರ್‌ಗಳ ಒಳಗೆ ಬೇಕಾದ ಆದೇಶ ಓಡಿಸಬಹುದಿತ್ತು. ಮಾರ್ಚ್ 29ರಂದು ಅವರು ಇದನ್ನು ಬಹಿರಂಗಪಡಿಸಿದಾಗ ಇಡೀ ಲಿನಕ್ಸ್ ಜಗತ್ತು ಬೆಚ್ಚಿಬಿತ್ತು.

‘ಜಿಯಾ ಟಾನ್’ ಎಂಬ ಹೆಸರಿನ ಹಿಂದೆ ಇದ್ದವರು ಯಾರು, ಎರಡು ವರ್ಷಕ್ಕೂ ಹೆಚ್ಚು ಕಾಲ ಅವರು ನಂಬಿಕೆ ಗಳಿಸಿದ್ದು ಹೇಗೆ ಎಂಬ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಆದರೆ ನಮ್ಮಂಥ ವಿದ್ಯಾರ್ಥಿಗಳು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಓಪನ್‌ಎಸ್‌ಎಸ್‌ಎಚ್ ಎಂಬ ಲಾಗಿನ್ ತಂತ್ರಾಂಶ ಎಕ್ಸ್‌ಝಡ್ ಅನ್ನು ಬಳಸುವುದೇ ಇಲ್ಲ. ಅದರ ಮೂಲ ಕೋಡ್‌ನಲ್ಲಿ ಎಲ್ಲಿ ಹುಡುಕಿದರೂ ಆ ಹೆಸರು ಸಿಗದು. ಹಾಗಿದ್ದ ಮೇಲೆ ಎಕ್ಸ್‌ಝಡ್‌ನೊಳಗಿನ ವಿಷ ಎಸ್‌ಎಸ್‌ಎಚ್‌ಗೆ ತಲುಪಿದ್ದು ಹೇಗೆ?

ಅದು ಬಂದದ್ದು ಮಧ್ಯದಲ್ಲಿ ಹಾಕಿದ ಒಂದು ತೇಪೆಯ ಮೂಲಕ. ಮೂಲ ಯೋಜನೆಯವರು ಹಾಕಿರದ, ನಡುವಿನವರು ಸೇರಿಸಿದ್ದ ತೇಪೆ ಅದು.

ತಲೆಭಾಗ, ಕೊನೆಭಾಗ

ಕಾಲೇಜಿನ ಲ್ಯಾಬ್‌ನಲ್ಲಿ ಉಬುಂಟು ಬಳಸಿದವರಿಗೆಲ್ಲ ‘ಆಪ್ಟ್ ಇನ್‌ಸ್ಟಾಲ್’ ಗೊತ್ತು. ಒಂದು ಆದೇಶ ಕೊಟ್ಟರೆ ತಂತ್ರಾಂಶ ಬಂದು ಕೂರುತ್ತದೆ. ಆದರೆ ಅದು ಬರೆದವರ ಕೈಯಿಂದ ನೇರವಾಗಿ ಬಂದದ್ದಲ್ಲ. ಒಂದು ತಂತ್ರಾಂಶವನ್ನು ಬರೆದು, ಕಾಪಾಡಿಕೊಂಡು, ಹೊಸ ಆವೃತ್ತಿಗಳನ್ನು ಹೊರಡಿಸುವ ಮೂಲ ಯೋಜನೆಗೆ ‘ಅಪ್‌ಸ್ಟ್ರೀಮ್’ ಎನ್ನುತ್ತಾರೆ. ಇಂಥ ಸಾವಿರಾರು ಯೋಜನೆಗಳ ಕೋಡ್ ತೆಗೆದುಕೊಂಡು, ಒಂದಕ್ಕೊಂದು ಹೊಂದುವಂತೆ ಕಟ್ಟಿ, ಪ್ಯಾಕೇಜ್ ಮಾಡಿ ನಮಗೆ ಕೊಡುವವರು ಡೆಬಿಯನ್, ಫೆಡೋರಾ, ಉಬುಂಟು, ಆರ್ಚ್ ಮೊದಲಾದ ‘ಡಿಸ್ಟ್ರೊ’ಗಳು. ಇವು ‘ಡೌನ್‌ಸ್ಟ್ರೀಮ್’. ಡೆಬಿಯನ್‌ನಿಂದ ಉಬುಂಟು ಹುಟ್ಟಿದೆ, ಉಬುಂಟುವಿನಿಂದ ಮಿಂಟ್ ಹುಟ್ಟಿದೆ. ನಮ್ಮ ದೇಶದ ಸಿ-ಡ್ಯಾಕ್ ರೂಪಿಸಿದ ‘ಬಾಸ್’ ಲಿನಕ್ಸ್‌ಗೂ ಡೆಬಿಯನ್ನೇ ಆಧಾರ.

ಕಾಲುವೆ ನೀರಾವರಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಲೆಭಾಗದಲ್ಲಿ ಏನಾಗುತ್ತದೋ ಅದು ಕೊನೆಭಾಗದ ಗದ್ದೆಯವರೆಗೂ ಹೋಗುತ್ತದೆ. ತೂಬನ್ನು ತಲೆಯಲ್ಲೇ ಸರಿಮಾಡಿದರೆ ಎಲ್ಲರಿಗೂ ಅನುಕೂಲ. ಮಧ್ಯದಲ್ಲಿ ಒಬ್ಬರು ತಮ್ಮ ಹೊಲದ ಹತ್ತಿರ ಮಾತ್ರ ಏರಿ ಕಟ್ಟಿಕೊಂಡರೆ, ಅವರ ಕೆಳಗಿನವರಿಗೆ ಅದರ ಪರಿಣಾಮ ತಟ್ಟುತ್ತದೆ. ಮೇಲಿನವರಿಗೆ ಮಾತ್ರ ಸುದ್ದಿಯೇ ಗೊತ್ತಾಗುವುದಿಲ್ಲ.

ಪ್ಯಾಕೇಜ್ ಮಾಡುವವರಿಗೆ ಒಂದು ದೋಷ ಕಂಡಾಗ ಎರಡು ದಾರಿಗಳಿವೆ. ಒಂದು, ತಿದ್ದುಪಡಿಯನ್ನು ಅಂದರೆ ‘ಪ್ಯಾಚ್’ ಅನ್ನು ಮೂಲ ಯೋಜನೆಗೆ ಕಳಿಸಿ, ಅವರು ಪರಿಶೀಲಿಸಿ ಒಪ್ಪಿದ ಮೇಲೆ ತಮ್ಮ ಪ್ಯಾಕೇಜ್‌ಗೆ ತೆಗೆದುಕೊಳ್ಳುವುದು. ಇನ್ನೊಂದು, ತಮ್ಮ ಪ್ಯಾಕೇಜ್‌ನಲ್ಲೇ ತೇಪೆ ಹಾಕಿ ಮುಂದೆ ಹೋಗುವುದು. ಎರಡನೆಯದು ಇವತ್ತಿಗೆ ಸುಲಭ. ಅದರ ಬೆಲೆ ತಡವಾಗಿ ಕಾಣಿಸಿಕೊಳ್ಳುತ್ತದೆ.

ಎಸ್‌ಎಸ್‌ಎಚ್‌ಗೆ ಅಂಟಿಸಿದ ಬಾಲ

ಈಗಿನ ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಸೇವೆಗಳನ್ನು ಶುರು ಮಾಡುವ, ನಿಲ್ಲಿಸುವ ಉಸ್ತುವಾರಿ ‘ಸಿಸ್ಟಮ್‌ಡಿ’ಯದು. ಒಂದು ಸೇವೆ ಪೂರ್ತಿ ಎದ್ದು ನಿಂತ ಮೇಲೆ ‘ನಾನು ಸಿದ್ಧ’ ಎಂದು ಅದಕ್ಕೆ ಸಂದೇಶ ಕಳಿಸಿದರೆ ಅನುಕೂಲ. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಆ ಸೌಲಭ್ಯ ಇರಲಿಲ್ಲ. ಅದನ್ನು ಬರೆಯುವವರು ಓಪನ್‌ಬಿಎಸ್‌ಡಿ ತಂಡದವರು. ಅವರ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಸಿಸ್ಟಮ್‌ಡಿಯೇ ಇಲ್ಲ. ಹಾಗಾಗಿ ಡೆಬಿಯನ್, ಫೆಡೋರಾದಂಥ ಡಿಸ್ಟ್ರೊಗಳು ತಾವೇ ಒಂದು ಪ್ಯಾಚ್ ಬರೆದು ಸೇರಿಸಿಕೊಂಡವು. ಆ ಪ್ಯಾಚ್ ‘ಲಿಬ್‌ಸಿಸ್ಟಮ್‌ಡಿ’ ಎಂಬ ಲೈಬ್ರರಿಯನ್ನು ಎಸ್‌ಎಸ್‌ಎಚ್‌ಗೆ ಜೋಡಿಸಿತು. ಆ ಲೈಬ್ರರಿ ಬೇರೆ ಕೆಲಸಕ್ಕೆಂದು ಎಕ್ಸ್‌ಝಡ್‌ನ ಲೈಬ್ರರಿಯನ್ನು ಜೊತೆಗೆ ಎಳೆದುಕೊಂಡು ಬರುತ್ತಿತ್ತು. ಹೀಗೆ ಒಂದು ಚಿಕ್ಕ ಸಂದೇಶ ಕಳಿಸುವ ಸಲುವಾಗಿ, ಸರ್ವರಿನ ಮುಂಬಾಗಿಲಿನಂಥ ತಂತ್ರಾಂಶದೊಳಗೆ ಫೈಲ್ ಕುಗ್ಗಿಸುವ ಕೋಡ್ ಬಂದು ಕುಳಿತಿತು.

ಪ್ಯಾಚ್ ಬರೆದವರ ಉದ್ದೇಶದಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಆ ಪ್ಯಾಚ್‌ನ ಕೋಡ್‌ನಲ್ಲಿ ದೋಷವೂ ಇರಲಿಲ್ಲ. ಆದರೆ ಹಿಂಬಾಗಿಲು ಇಟ್ಟವರು ಹುಡುಕಿಕೊಂಡದ್ದು ಈ ದಾರಿಯನ್ನೇ. ಅವರ ವಿಷ ಎಲ್ಲ ಕಡೆಯೂ ಸೇರಿಕೊಳ್ಳುತ್ತಿರಲಿಲ್ಲ. ಡೆಬಿಯನ್ ಅಥವಾ ಆರ್‌ಪಿಎಂ ಮಾದರಿಯ ಪ್ಯಾಕೇಜ್ ಕಟ್ಟುವಾಗ ಮಾತ್ರ ಅದು ಜಾಗೃತವಾಗುತ್ತಿತ್ತು. ಮೂಲ ಯೋಜನೆಗಳ ಕೋಡ್‌ಗೆ ಹೆಚ್ಚು ತೇಪೆ ಹಾಕದೆ ಹಾಗೆಯೇ ಕೊಡುವ ರೂಢಿಯ ಆರ್ಚ್ ಲಿನಕ್ಸ್ ಕೂಡ ಎಕ್ಸ್‌ಝಡ್‌ನ ಆ ಆವೃತ್ತಿಯನ್ನು ಹಂಚಿತ್ತು. ಆದರೆ ಅಲ್ಲಿನ ಎಸ್‌ಎಸ್‌ಎಚ್‌ಗೆ ಈ ಬಾಲ ಇರಲಿಲ್ಲ, ಆದ್ದರಿಂದ ಈ ದಾರಿಯಲ್ಲಿ ದಾಳಿ ನಡೆಯುವಂತಿರಲಿಲ್ಲ.

ಮುಂದೆ ಆದದ್ದು ಇನ್ನೂ ಸ್ವಾರಸ್ಯಕರ. 2024ರ ಜುಲೈ 1ರಂದು ಹೊರಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಮೂಲ ಯೋಜನೆಯವರೇ ‘ನಾನು ಸಿದ್ಧ’ ಸಂದೇಶ ಕಳಿಸುವ ಸೌಲಭ್ಯ ಸೇರಿಸಿದರು. ಲಿಬ್‌ಸಿಸ್ಟಮ್‌ಡಿ ಬೇಕಾಗಲಿಲ್ಲ. ಒಂದು ಸಾಕೆಟ್‌ಗೆ ಕಿರುಸಂದೇಶ ಬರೆಯುವ ಕೆಲಸ ಅದು, ಕೆಲವೇ ಸಾಲುಗಳ ಸ್ವತಂತ್ರ ಕೋಡ್ ಸಾಕಾಯಿತು. ಆ ಬೇಡಿಕೆ ಓಪನ್‌ಎಸ್‌ಎಸ್‌ಎಚ್‌ನ ದೋಷಪಟ್ಟಿಯಲ್ಲಿ ವರ್ಷಗಳಿಂದ ಕೊಳೆಯುತ್ತಿತ್ತು. ಎರಡೂ ಕಡೆಯವರು ಕೂತು ಆ ಮಾತುಕತೆಯನ್ನು ಮೊದಲೇ ಮುಗಿಸಿದ್ದರೆ ಆ ಬಾಲ ಇರುತ್ತಲೇ ಇರಲಿಲ್ಲ. ಕೇಳಿ ಬಿಟ್ಟುಬಿಡುವುದಕ್ಕೂ ಒಪ್ಪಿಗೆಯಾಗುವ ತನಕ ಹಿಂದೆ ಬೀಳುವುದಕ್ಕೂ ಎಷ್ಟು ಅಂತರ ಎಂಬುದು ಇಲ್ಲಿ ಕಾಣುತ್ತದೆ.

ಎರಡು ಸಾಲು, ಎರಡು ವರ್ಷ

ಇದಕ್ಕೂ ಹಳೆಯ, ಇದಕ್ಕಿಂತ ಕಹಿಯಾದ ಪಾಠ ಡೆಬಿಯನ್‌ನ ಚರಿತ್ರೆಯಲ್ಲೇ ಇದೆ. ಓಪನ್‌ಎಸ್‌ಎಸ್‌ಎಲ್ ಎಂಬುದು ಅಂತರ್ಜಾಲದ ಗೂಢಲಿಪಿಯ ಕೆಲಸ ಮಾಡುವ ಲೈಬ್ರರಿ. ಬ್ಯಾಂಕ್ ವೆಬ್‌ಸೈಟಿನ ಬೀಗದಿಂದ ಹಿಡಿದು ಸರ್ವರ್ ಕೀಲಿಗಳವರೆಗೆ ಅದರ ಬಳಕೆ. ಕೀಲಿ ಭದ್ರವಾಗಿರಬೇಕಾದರೆ ಅದನ್ನು ಯಾರೂ ಊಹಿಸಲಾಗದ ಯಾದೃಚ್ಛಿಕ ಸಂಖ್ಯೆಯಿಂದ ತಯಾರಿಸಬೇಕು. 2006ರಲ್ಲಿ ಕೋಡ್ ತಪಾಸಣೆ ಮಾಡುವ ‘ವ್ಯಾಲ್‌ಗ್ರಿಂಡ್’ ಎಂಬ ಉಪಕರಣ, ಆ ಸಂಖ್ಯೆ ತಯಾರಿಸುವ ಭಾಗದಲ್ಲಿ ‘ಬೆಲೆ ತುಂಬದ ಮೆಮೊರಿಯನ್ನು ಓದುತ್ತಿದ್ದೀರಿ’ ಎಂದು ಎಚ್ಚರಿಕೆ ಕೊಡುತ್ತಿತ್ತು. ಡೆಬಿಯನ್‌ನಲ್ಲಿ ಆ ಪ್ಯಾಕೇಜ್ ನೋಡಿಕೊಳ್ಳುತ್ತಿದ್ದವರು ಎಚ್ಚರಿಕೆಗೆ ಕಾರಣವಾದ ಎರಡು ಸಾಲುಗಳನ್ನು ತೆಗೆದುಹಾಕಿದರು.

ತೆಗೆಯುವ ಮುಂಚೆ ಅವರು ಮೂಲ ಯೋಜನೆಯವರನ್ನು ಕೇಳಿದ್ದೂ ಉಂಟು. ಡಿಬಗ್ ಮಾಡಲು ಅನುಕೂಲವಾಗುವುದಾದರೆ ತೆಗೆಯಬಹುದು ಎಂಬರ್ಥದ ಉತ್ತರ ಬಂದಿತ್ತು. ಆದರೆ ‘ಇದೋ ನೋಡಿ, ಇದು ಎಲ್ಲ ಬಳಕೆದಾರರಿಗೂ ಹೋಗುವ ಪ್ಯಾಚ್, ಪರಿಶೀಲಿಸಿ ನಿಮ್ಮ ಕೋಡ್‌ಗೇ ಸೇರಿಸಿಕೊಳ್ಳಿ’ ಎಂದು ಅದನ್ನು ಮುಂದಿಟ್ಟಿರಲಿಲ್ಲ. ಮುಂದಿಟ್ಟಿದ್ದರೆ ಆ ಎರಡು ಸಾಲುಗಳಲ್ಲಿ ಒಂದು ತೆಗೆದರೂ ನಡೆಯುವಂಥದ್ದು, ಇನ್ನೊಂದು ಯಾದೃಚ್ಛಿಕತೆಯನ್ನೆಲ್ಲ ಒಳಗೆ ಬಿಡುವ ಏಕೈಕ ಬಾಗಿಲು ಎಂದು ಆ ಕೋಡ್ ಬಲ್ಲವರು ಹೇಳುವ ಸಾಧ್ಯತೆ ಬಹಳವಿತ್ತು.

ಆ ಪ್ಯಾಕೇಜ್ 2006ರ ಸೆಪ್ಟೆಂಬರ್‌ನಲ್ಲಿ ಡೆಬಿಯನ್ ಭಂಡಾರ ಸೇರಿತು. 2007ರ ಏಪ್ರಿಲ್‌ನಲ್ಲಿ ಬಂದ ಡೆಬಿಯನ್ 4.0ರೊಂದಿಗೆ ಎಲ್ಲೆಡೆ ಹರಡಿತು. ಉಬುಂಟುವಿಗೂ ಇಳಿಯಿತು. ಯಾದೃಚ್ಛಿಕತೆಯ ಮೂಲವಾಗಿ ಉಳಿದದ್ದು ಆ ಕ್ಷಣದ ಪ್ರೋಸೆಸ್ ಸಂಖ್ಯೆಯೊಂದೇ. ಅಂದರೆ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಲಿ ಎಷ್ಟು ಬಾರಿ ತಯಾರಿಸಿದರೂ ಬರುವುದು 32,767 ಕೀಲಿಗಳಲ್ಲೊಂದು. ಕೋಟ್ಯನುಕೋಟಿ ಸಾಧ್ಯತೆಗಳಿರಬೇಕಾದ ಕಡೆ, ಒಂದು ಸಾಮಾನ್ಯ ಕಂಪ್ಯೂಟರ್ ಒಂದೊಂದಾಗಿ ಹಾಕಿ ನೋಡಿ ಮುಗಿಸಬಹುದಾದಷ್ಟು ಕೀಲಿಗಳು!

ಡೆಬಿಯನ್‌ನವರೇ ಆದ ಲೂಸಿಯಾನೊ ಬೆಲ್ಲೊ ಇದನ್ನು ಪತ್ತೆ ಮಾಡಿದರು. 2008ರ ಮೇ 13ರಂದು ಎಚ್ಚರಿಕೆ ಪ್ರಕಟವಾಯಿತು. ಪ್ಯಾಕೇಜ್ ಅಪ್‌ಡೇಟ್ ಮಾಡಿದರೆ ಮುಗಿಯುವ ಕೆಲಸವಾಗಿರಲಿಲ್ಲ ಅದು. ಆ ಇಪ್ಪತ್ತು ತಿಂಗಳಲ್ಲಿ ತಯಾರಾದ ಪ್ರತಿ ಕೀಲಿಯನ್ನೂ ಪ್ರಮಾಣಪತ್ರವನ್ನೂ ಹುಡುಕಿ ಎಸೆದು ಹೊಸದು ಮಾಡಬೇಕಿತ್ತು. ಡೆಬಿಯನ್ ಬಳಸದ ಸರ್ವರ್‌ಗಳಿಗೂ ಅಪಾಯ ತಟ್ಟಿತ್ತು. ಯಾರೋ ತಮ್ಮ ಡೆಬಿಯನ್ ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಕೀಲಿಯನ್ನು ಅಲ್ಲಿ ಸೇರಿಸಿದ್ದರೆ ಸಾಕು, ಆ ಬಾಗಿಲೂ ಸಡಿಲ.

ಇಲ್ಲಿ ಒಬ್ಬ ವ್ಯಕ್ತಿಯನ್ನು ದೂರಿ ಕೈತೊಳೆದುಕೊಳ್ಳುವುದು ಅನ್ಯಾಯ. ಸಂಬಳವಿಲ್ಲದೆ ದುಡಿದ ಸ್ವಯಂಸೇವಕರು ಅವರು, ಕೇಳಿಯೂ ಇದ್ದರು. ಕೊರತೆ ಇದ್ದದ್ದು ಪದ್ಧತಿಯಲ್ಲಿ. ಕೋಡ್ ಬಲ್ಲವರ ಕಣ್ಣಿಗೆ ಬೀಳದೆಯೇ ಒಂದು ಪ್ಯಾಚ್ ಲಕ್ಷಾಂತರ ಯಂತ್ರಗಳನ್ನು ಸೇರುವ ದಾರಿ ತೆರೆದಿತ್ತು.

ನಮ್ಮ ಜೇಬಿನ ಫೋನ್‌ನಲ್ಲೂ

ಸರ್ವರ್‌ಗಳ ಮಾತು ದೂರದ್ದು ಎನ್ನಿಸಿದರೆ ಕೈಯಲ್ಲಿರುವ ಫೋನ್ ನೋಡಿ. ಆಂಡ್ರಾಯ್ಡ್ ಫೋನ್‌ಗಳೊಳಗೆ ಇರುವುದು ಲಿನಕ್ಸ್ ಕರ್ನೆಲ್. ಬಹುಕಾಲ ಪ್ರತಿ ಕಂಪನಿಯೂ ತನಗೆ ಬೇಕಾದ ಬದಲಾವಣೆಗಳನ್ನು ತನ್ನ ಪ್ರತಿಯಲ್ಲೇ ಮಾಡಿಕೊಳ್ಳುತ್ತಿತ್ತು. ಆಂಡ್ರಾಯ್ಡ್‌ನ ಕೋಡ್ ಮತ್ತು ಮೂಲ ಕರ್ನೆಲ್ ಎಷ್ಟು ದೂರವಾಗಿದ್ದವೆಂದರೆ, 2010ರಲ್ಲಿ ಆಂಡ್ರಾಯ್ಡ್ ಡ್ರೈವರ್‌ಗಳನ್ನು ಮೂಲ ಕರ್ನೆಲ್‌ನ ಪ್ರಾಯೋಗಿಕ ವಿಭಾಗದಿಂದ ತೆಗೆದೇ ಹಾಕಲಾಯಿತು. ಅವು ಮರಳಿ ಸೇರಿದ್ದು 2012ರ 3.3 ಆವೃತ್ತಿಯಲ್ಲಿ.

2020ರ ಫೆಬ್ರುವರಿಯಲ್ಲಿ ಗೂಗಲ್‌ನ ಭದ್ರತಾ ತಂಡ ‘ಪ್ರಾಜೆಕ್ಟ್ ಝೀರೊ’ದ ಸಂಶೋಧಕ ಯಾನ್ ಹಾರ್ನ್, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ50 ಫೋನ್‌ನ ಕರ್ನೆಲ್ ಅನ್ನು ಬಿಡಿಸಿ ತೋರಿಸಿದರು. ಭದ್ರತೆ ಹೆಚ್ಚಿಸಲೆಂದೇ ಕಂಪನಿ ಸೇರಿಸಿದ್ದ ತನ್ನದೇ ಕೋಡ್‌ನಲ್ಲಿ ಭದ್ರತಾ ದೋಷವಿತ್ತು. ಕಂಪನಿಗಳು ತಮ್ಮ ಫೋನ್‌ಗೆಂದು ಮಾತ್ರ ಕರ್ನೆಲ್ ತಿದ್ದುವ ಬದಲು ಆ ಕೆಲಸವನ್ನು ಮೂಲ ಕರ್ನೆಲ್‌ಗೆ ಒಯ್ಯುವುದು ಒಳ್ಳೆಯದು ಎಂಬುದು ಅವರ ವಾದ. ಬೀಗದ ಮೇಲೆ ಹಾಕಿದ ಇನ್ನೊಂದು ಬೀಗವೇ ಸಡಿಲವಿದ್ದ ಹಾಗೆ ಇದು. ಮೂಲದ ಪರಿಶೀಲಕರ ಕಣ್ಣಿಗೆ ಆ ಬೀಗ ಬಿದ್ದೇ ಇರಲಿಲ್ಲ.

ಭದ್ರತೆಯ ಮಾತು ಬದಿಗಿಟ್ಟರೂ ಶ್ರಮದ ಲೆಕ್ಕವಿದೆ. ಮೂಲ ಯೋಜನೆ ಹೊಸ ಆವೃತ್ತಿ ತಂದಾಗಲೆಲ್ಲ ನಮ್ಮ ತೇಪೆಯನ್ನು ಮತ್ತೆ ಹೊಂದಿಸಬೇಕು, ಮತ್ತೆ ಪರೀಕ್ಷಿಸಬೇಕು. ಹತ್ತು ತೇಪೆ ಇದ್ದರೆ ಹತ್ತು ಪಟ್ಟು ಕೆಲಸ. ಬರೆದವರು ಕೆಲಸ ಬಿಟ್ಟು ಹೋದ ಮೇಲೆ ಆ ತೇಪೆ ಏಕಿದೆ ಎಂದೇ ಯಾರಿಗೂ ಗೊತ್ತಿರುವುದಿಲ್ಲ, ತೆಗೆಯಲು ಧೈರ್ಯವೂ ಬರುವುದಿಲ್ಲ. ಕೊನೆಗೆ ‘ಹಳೆಯ ಆವೃತ್ತಿಯಲ್ಲೇ ಇರೋಣ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಹಲವು ಫೋನ್‌ಗಳಿಗೆ ಅಪ್‌ಡೇಟ್ ನಿಂತುಹೋಗಲು ಇದೂ ಒಂದು ಕಾರಣ.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆಯೂ 2024ರದ್ದೇ. ಕಾರ್ಖಾನೆಯ ಯಂತ್ರ, ರೋಬೊ, ಆಡಿಯೊ ಉಪಕರಣಗಳಿಗೆ ನಿಗದಿತ ಸಮಯದೊಳಗೆ ಉತ್ತರಿಸುವ ಕರ್ನೆಲ್ ಬೇಕು. ಅದಕ್ಕಾಗಿ ‘ಪ್ರಿಎಂಪ್ಟ್-ಆರ್‌ಟಿ’ ಎಂಬ ಪ್ಯಾಚ್‌ಗಳ ದೊಡ್ಡ ಗಂಟು 2004ರ ಸುಮಾರಿನಿಂದ ಮೂಲದ ಹೊರಗೇ ಇತ್ತು. ಥಾಮಸ್ ಗ್ಲೈಕ್ಸ್‌ನರ್ ಮತ್ತು ಸಂಗಡಿಗರು ಅದನ್ನು ಹೊರಗೇ ಬಿಡಲಿಲ್ಲ. ಎಲ್ಲರಿಗೂ ಉಪಯೋಗವಾಗುವ ಭಾಗಗಳನ್ನು ಒಂದೊಂದಾಗಿ ಬಿಡಿಸಿ, ತಿದ್ದಿ, ವಾದಿಸಿ, ಮೂಲಕ್ಕೆ ಸೇರಿಸುತ್ತ ಹೋದರು. ನಾವು ಇಂದು ಬಳಸುವ ಕರ್ನೆಲ್‌ನ ಹಲವು ಸೌಲಭ್ಯಗಳು ಆ ಗಂಟಿನಿಂದಲೇ ಬಂದವು. ಕೊನೆಯ ಕಂತು 2024ರ ಸೆಪ್ಟೆಂಬರ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರ ಒಪ್ಪಿಗೆ ಪಡೆದು, ನವೆಂಬರ್‌ನಲ್ಲಿ ಬಂದ 6.12 ಆವೃತ್ತಿಯಲ್ಲಿ ಎಲ್ಲರಿಗೂ ಸಿಕ್ಕಿತು. ಹಿಡಿದದ್ದು ಇಪ್ಪತ್ತು ವರ್ಷ.

ಆದರೆ ಕಾಯಲು ಆಗದಾಗ?

‘ಎಲ್ಲವನ್ನೂ ಮೊದಲು ಮೂಲಕ್ಕೆ’ ಎಂಬುದು ಹೇಳಲು ಚೆಂದ, ಪಾಲಿಸಲು ಕಷ್ಟ. ಗಂಭೀರ ಭದ್ರತಾ ದೋಷ ಕಂಡಾಗ ಮೂಲದ ಹೊಸ ಆವೃತ್ತಿ ಬರುವವರೆಗೆ ಬಳಕೆದಾರರನ್ನು ಅಪಾಯದಲ್ಲಿ ಬಿಡಲಾಗದು. ಕೆಲವು ಯೋಜನೆಗಳನ್ನು ನೋಡಿಕೊಳ್ಳುವವರೇ ಇಲ್ಲ, ಪತ್ರ ಬರೆದರೆ ಉತ್ತರ ಬರುವುದಿಲ್ಲ. ಕೆಲವು ಬದಲಾವಣೆಗಳು ಆ ಡಿಸ್ಟ್ರೊಗೆ ಮಾತ್ರ ಸಂಬಂಧಪಟ್ಟವು, ಮೂಲಕ್ಕೆ ಅದರಿಂದ ಪ್ರಯೋಜನವಿಲ್ಲ. ಕೆಲವೊಮ್ಮೆ ಮೂಲದವರು ಸಕಾರಣವಾಗಿಯೋ ಹಠದಿಂದಲೋ ‘ಬೇಡ’ ಎನ್ನುತ್ತಾರೆ. ಸ್ಥಿರ ಆವೃತ್ತಿ ಕೊಡುವ ಡಿಸ್ಟ್ರೊಗಳಂತೂ ಹೊಸ ಆವೃತ್ತಿಯ ತಿದ್ದುಪಡಿಯನ್ನು ಹಳೆಯದಕ್ಕೆ ತಂದು ಹಾಕಲೇಬೇಕು.

ಆದ್ದರಿಂದ ಅನುಭವಸ್ಥ ಸಮುದಾಯಗಳು ತೇಪೆಯನ್ನು ನಿಷೇಧಿಸಿಲ್ಲ, ಪ್ರತಿ ತೇಪೆಗೂ ಲೆಕ್ಕ ಕೇಳುತ್ತವೆ. 1997ರ ಡೆಬಿಯನ್ ಸಾಮಾಜಿಕ ಒಪ್ಪಂದದಲ್ಲೇ ದೋಷ ಪರಿಹಾರ, ಸುಧಾರಣೆಗಳನ್ನು ಮೂಲ ಲೇಖಕರಿಗೆ ತಲುಪಿಸುವ ಮಾತು ಇದೆ. ಡೆಬಿಯನ್ ಪ್ಯಾಚ್‌ನ ತಲೆಬರಹದಲ್ಲಿ ‘ಫಾರ್ವರ್ಡೆಡ್’ ಎಂಬ ಒಂದು ಸಾಲು ಬರೆಯುವ ರೂಢಿಯಿದೆ. ಮೂಲಕ್ಕೆ ಕಳಿಸಿದ್ದೀರಾ, ಕಳಿಸಿದ್ದರೆ ಎಲ್ಲಿ, ಕಳಿಸುವ ಅಗತ್ಯವಿಲ್ಲವೇ ಎಂಬುದಕ್ಕೆ ಅಲ್ಲಿ ಉತ್ತರಿಸಬೇಕು. ಫೆಡೋರಾ ಮೂಲಕ್ಕೆ ಆದಷ್ಟು ಹತ್ತಿರ ಇರುವುದನ್ನೇ ನೀತಿಯಾಗಿ ಇಟ್ಟುಕೊಂಡಿದೆ. ಲಿನಕ್ಸ್‌ನ ಸ್ಥಿರ ಕರ್ನೆಲ್‌ಗೆ ಒಂದು ತಿದ್ದುಪಡಿ ಸೇರಬೇಕಾದರೆ ಅದು ಅಥವಾ ಅದಕ್ಕೆ ಸಮನಾದದ್ದು ಮೊದಲೇ ಮುಖ್ಯ ಕರ್ನೆಲ್ ಸೇರಿರಬೇಕು ಎಂಬುದು ನಿಯಮ. ಆಂಡ್ರಾಯ್ಡ್ ಕರ್ನೆಲ್‌ನಲ್ಲೂ ಪ್ರತಿ ಬದಲಾವಣೆಯ ಶೀರ್ಷಿಕೆಗೆ ‘ಅಪ್‌ಸ್ಟ್ರೀಮ್’, ‘ಬ್ಯಾಕ್‌ಪೋರ್ಟ್’, ‘ಆಂಡ್ರಾಯ್ಡ್’ ಎಂಬಂಥ ಪಟ್ಟಿ ಕಟ್ಟುತ್ತಾರೆ. ಯಾವುದು ಮೂಲದ್ದು, ಯಾವುದು ಮನೆಯದು ಎಂದು ನೋಡಿದ ಕೂಡಲೇ ತಿಳಿಯಬೇಕು.

ಬೆಂಗಳೂರಿನಲ್ಲಿ ಎಂಬೆಡೆಡ್ ಕ್ಷೇತ್ರದ ಕೆಲಸ ಹುಡುಕುವವರು ‘ಯೋಕ್ಟೊ’ ಎಂಬ ಹೆಸರನ್ನು ಕೇಳಿಯೇ ಇರುತ್ತೀರಿ. ಅಲ್ಲಿ ಪ್ರತಿ ಪ್ಯಾಚ್‌ಗೂ ‘ಅಪ್‌ಸ್ಟ್ರೀಮ್-ಸ್ಟೇಟಸ್’ ಎಂಬ ಸಾಲು ಬೇಕು. ಸಲ್ಲಿಸಿದೆಯೇ, ಬಾಕಿ ಇದೆಯೇ, ನಿರಾಕರಿಸಿದ್ದಾರೆಯೇ, ಮೂಲಕ್ಕೆ ಹೊಂದುವುದಿಲ್ಲವೇ ಎಂದು ಅಲ್ಲಿ ಬರೆಯಬೇಕು. ಸಂದರ್ಶನಕ್ಕೆ ಹೋಗುವ ಮುನ್ನ ಈ ಒಂದು ಸಾಲಿನ ಅರ್ಥ ತಿಳಿದುಕೊಂಡು ಹೋದರೆ, ಹತ್ತು ಆದೇಶಗಳನ್ನು ಬಾಯಿಪಾಠ ಮಾಡಿದ್ದಕ್ಕಿಂತ ಹೆಚ್ಚು ಉಪಯೋಗ.

ಎಕ್ಸ್‌ಝಡ್ ಪ್ರಕರಣ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಅಲ್ಲಿ ವಿಷ ಸೇರಿದ್ದು ಮೂಲದಲ್ಲೇ. ವರ್ಷಗಳ ಕಾಲ ಹೆಚ್ಚೂಕಡಿಮೆ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದ ಯೋಜನೆ ಅದು. ‘ಇನ್ನೂ ಯಾಕೆ ಪ್ಯಾಚ್ ಸೇರಿಸಿಲ್ಲ’ ಎಂದು ಅಪರಿಚಿತ ಹೆಸರುಗಳಿಂದ ಅವರ ಮೇಲೆ ಒತ್ತಡ ಬಂತು. ನೆರವಿನ ಕೈ ಚಾಚಿ ಬಂದವರೇ ಕಳ್ಳರಾಗಿದ್ದರು. ಹಾಗಾಗಿ ಮೂಲಕ್ಕೆ ಪ್ಯಾಚ್ ಕಳಿಸುವುದೆಂದರೆ ನಮ್ಮ ಹೊರೆಯನ್ನು ಒಬ್ಬ ದಣಿದ ವ್ಯಕ್ತಿಯ ತಲೆಗೆ ಕಟ್ಟುವುದಲ್ಲ. ಪರಿಶೀಲನೆಗೆ ಕೈಜೋಡಿಸುವುದು, ಪರೀಕ್ಷೆ ಬರೆಯುವುದು, ಸಾಧ್ಯವಿದ್ದ ಸಂಸ್ಥೆಗಳು ಹಣ ಕೊಡುವುದೂ ಅದರಲ್ಲಿ ಸೇರಿದೆ. ಬೆಂಗಳೂರಿನ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರ್‌ನ ‘ಫ್ಲಾಸ್ ಫಂಡ್’ ಘೋಷಿಸಿದ್ದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಮುಕ್ತ ತಂತ್ರಾಂಶವನ್ನು ಉಚಿತವಾಗಿ ಬಳಸಿ ವ್ಯವಹಾರ ಕಟ್ಟಿದ ನಮ್ಮ ರಾಜ್ಯದ ಇತರ ಕಂಪನಿಗಳೂ ಇದನ್ನು ಗಮನಿಸಬೇಕು.

ನಮ್ಮ ಪಾಲಿನ ಕೆಲಸ

ಇದರಲ್ಲಿ ಕನ್ನಡದ ಸ್ವಾರ್ಥವೂ ಇದೆ. ಲಿನಕ್ಸ್‌ನ ಯಾವ ಡಿಸ್ಟ್ರೊ ಹಾಕಿಕೊಂಡರೂ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಇರುತ್ತದೆ, ‘ಕಗಪ’ ವಿನ್ಯಾಸವೂ ಇರುತ್ತದೆ. ಅವು ‘ಎಕ್ಸ್‌ಕೀಬೋರ್ಡ್-ಕಾನ್ಫಿಗ್’ ಎಂಬ ಮೂಲ ಯೋಜನೆಯಲ್ಲೇ ಇರುವುದರಿಂದ ಹೀಗಾಗಿದೆ. ಯಾರೋ ಒಬ್ಬರು ಅದನ್ನು ತಮ್ಮ ಇಷ್ಟದ ಡಿಸ್ಟ್ರೊಗೆ ಮಾತ್ರ ಸೇರಿಸಿ ಸುಮ್ಮನಾಗಿದ್ದರೆ, ಉಳಿದ ಡಿಸ್ಟ್ರೊಗಳ ಕನ್ನಡಿಗರು ಇಂದಿಗೂ ‘ಕನ್ನಡ ಟೈಪ್ ಮಾಡುವುದು ಹೇಗೆ’ ಎಂದು ಹುಡುಕುತ್ತಿದ್ದರು. ಫಾಂಟ್‌ನ ಒತ್ತಕ್ಷರದ ದೋಷವಾಗಲಿ, ಅನುವಾದದ ತಪ್ಪಾಗಲಿ, ಮೂಲದಲ್ಲಿ ಒಮ್ಮೆ ತಿದ್ದಿದರೆ ಎಲ್ಲ ಡಿಸ್ಟ್ರೊಗಳಿಗೂ ಇಳಿದು ಬರುತ್ತದೆ.

ನಾವು ವಿದ್ಯಾರ್ಥಿಗಳು ಮುಕ್ತ ತಂತ್ರಾಂಶಕ್ಕೆ ಕೊಡುಗೆ ಕೊಡಲು ಹೊರಟಾಗ ಸಾಮಾನ್ಯವಾಗಿ ಎಡವುವುದು ಅವಸರದಲ್ಲಿ. 2020ರ ‘ಹ್ಯಾಕ್ಟೋಬರ್‌ಫೆಸ್ಟ್’ನಲ್ಲಿ ನಾಲ್ಕು ತಿದ್ದುಪಡಿ ಸಲ್ಲಿಸಿದರೆ ಟಿ-ಶರ್ಟ್ ಎಂಬ ಕೊಡುಗೆಯಿತ್ತು. ಓದುಗ ಕಡತಕ್ಕೆ ಒಂದು ಪದ ಸೇರಿಸಿದ ಕಸದಂಥ ಸಲ್ಲಿಕೆಗಳು ಪ್ರವಾಹದಂತೆ ಬಂದು, ಇಚ್ಛೆಯಿರುವ ಯೋಜನೆಗಳು ಮಾತ್ರ ಸೇರಿಕೊಳ್ಳುವಂತೆ ಆಯೋಜಕರು ನಿಯಮವನ್ನೇ ಬದಲಿಸಬೇಕಾಯಿತು. ಈಗ ಎಐ ಬಂದಿದೆ. ಅದು ಬರೆದುಕೊಟ್ಟ ದೋಷವರದಿಗಳನ್ನು ಓದದೆ ಹಾಗೆಯೇ ಕಳಿಸುವವರಿಂದ ಸಮಯ ವ್ಯರ್ಥವಾಗುತ್ತಿದೆ ಎಂದು ‘ಕರ್ಲ್’ ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್ ಬಹಿರಂಗವಾಗಿಯೇ ದೂರಿದ್ದಾರೆ. ಪ್ಯಾಚ್ ತಯಾರಿಸುವುದು ಅಗ್ಗವಾದಷ್ಟೂ ಅದನ್ನು ಓದಿ ತೂಗುವವರ ಸಮಯ ದುಬಾರಿಯಾಗುತ್ತಿದೆ. ಎಐ ನೆರವು ಪಡೆದರೂ ಪ್ರತಿ ಸಾಲಿಗೂ ನಾವೇ ಉತ್ತರಿಸುವಂತಿರಬೇಕು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನೀವು ದಿನಾ ಬಳಸುವ ಒಂದು ಚಿಕ್ಕ ತಂತ್ರಾಂಶ ಆರಿಸಿಕೊಳ್ಳಿ. ಡೆಬಿಯನ್ ಅಥವಾ ಉಬುಂಟುವಿನಲ್ಲಿ ‘ಆಪ್ಟ್ ಸೋರ್ಸ್’ ಆದೇಶ ಕೊಟ್ಟು ಅದರ ಮೂಲ ಕೋಡ್ ಇಳಿಸಿಕೊಳ್ಳಿ. ‘ಡೆಬಿಯನ್’ ಎಂಬ ಫೋಲ್ಡರ್‌ನೊಳಗೆ ಸಾಮಾನ್ಯವಾಗಿ ‘ಪ್ಯಾಚಸ್’ ಎಂಬ ಇನ್ನೊಂದು ಫೋಲ್ಡರ್ ಇರುತ್ತದೆ. ಒಂದೊಂದು ಪ್ಯಾಚ್ ತೆರೆದು, ಅದು ಏನು ಮಾಡುತ್ತದೆ, ಮೂಲಕ್ಕೆ ಕಳಿಸಿದ್ದಾರೆಯೇ ಎಂದು ಓದಿ. ಕಳಿಸದೆ ಉಳಿದದ್ದು ಕಂಡರೆ ಮೂಲದ ಇತ್ತೀಚಿನ ಆವೃತ್ತಿಯಲ್ಲಿ ಆ ದೋಷ ಇನ್ನೂ ಇದೆಯೇ ಪರೀಕ್ಷಿಸಿ. ಇದ್ದರೆ ಪ್ಯಾಕೇಜ್ ನೋಡಿಕೊಳ್ಳುವವರನ್ನು ಮೊದಲು ಕೇಳಿ, ಬರೆದವರ ಹೆಸರನ್ನು ಹಾಗೆಯೇ ಉಳಿಸಿ, ಮೂಲಕ್ಕೆ ಸಲ್ಲಿಸಿ. ಹೊಸ ಕೋಡ್ ಬರೆಯದೆಯೇ ನೀವು ಎರಡೂ ಕಡೆಯವರಿಗೆ ಉಪಕಾರ ಮಾಡಿದಂತೆ.

ಸಲ್ಲಿಸುವಾಗ ಕೆಲವು ಶಿಸ್ತುಗಳಿವೆ. ಯೋಜನೆಯ ನಿಯಮಗಳನ್ನು ಮೊದಲು ಓದಿ. ಒಂದು ಪ್ಯಾಚ್‌ನಲ್ಲಿ ಒಂದೇ ಬದಲಾವಣೆ ಇರಲಿ. ಏನು ಬದಲಿಸಿದೆ ಎಂಬುದು ಕೋಡ್‌ನಲ್ಲೇ ಕಾಣುತ್ತದೆ, ಏಕೆ ಬದಲಿಸಿದೆ ಎಂಬುದನ್ನು ವಿವರಣೆಯಲ್ಲಿ ಬರೆಯಿರಿ. ಲಿನಕ್ಸ್ ಕರ್ನೆಲ್‌ನಂಥ ಕಡೆ ‘ಸೈನ್ಡ್-ಆಫ್-ಬೈ’ ಎಂದು ಹೆಸರು ಹಾಕಬೇಕು. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ಕೊಡುವ ಮಾತು ಅದು. ವಿಮರ್ಶೆ ಖಾರವಾಗಿದ್ದರೂ ಕೋಪಿಸಿಕೊಳ್ಳದೆ ಪ್ರಶ್ನೆಗಳಿಗೆ ಉತ್ತರಿಸಿ. ಉತ್ತರವೇ ಬಾರದಿದ್ದರೆ ಒಂದೆರಡು ವಾರ ಬಿಟ್ಟು ವಿನಯದಿಂದ ನೆನಪಿಸಿ. ನಿರಾಕರಿಸಿದರೆ ಕಾರಣ ಬರೆದಿಟ್ಟುಕೊಳ್ಳಿ, ಅದೂ ಕಲಿಕೆಯೇ.

ಉದ್ಯೋಗ ಹುಡುಕುವವರಿಗೆ ಇದರ ಬೆಲೆ ಗೊತ್ತಿರಲಿ. ರೆಸ್ಯೂಮೆಯಲ್ಲಿ ‘ಲಿನಕ್ಸ್ ಬಲ್ಲೆ’ ಎಂದು ಯಾರು ಬೇಕಾದರೂ ಬರೆಯಬಹುದು. ಮೂಲ ಯೋಜನೆ ಒಪ್ಪಿದ ಒಂದು ಪ್ಯಾಚ್‌ನ ಕೊಂಡಿಯನ್ನು ಕೊಟ್ಟರೆ, ಸಂದರ್ಶಕರು ಅದನ್ನು ತೆರೆದು ನಿಮ್ಮ ಕೋಡ್ ನೋಡಬಹುದು, ಅದಕ್ಕೆ ಬಂದ ಆಕ್ಷೇಪ, ನೀವು ಕೊಟ್ಟ ಉತ್ತರ, ತಿದ್ದಿದ ರೀತಿ ಎಲ್ಲವನ್ನೂ ಓದಬಹುದು. ಯಾವ ಊರಿನ ಯಾವ ಕಾಲೇಜು ಎಂಬುದು ಆಗ ಮುಖ್ಯವಾಗುವುದಿಲ್ಲ. ಹಾಸನದ ಹಾಸ್ಟೆಲ್‌ನಿಂದ ಕಳಿಸಿದ ಪ್ಯಾಚ್‌ಗೂ ಜರ್ಮನಿಯ ಕಂಪನಿಯಿಂದ ಬಂದ ಪ್ಯಾಚ್‌ಗೂ ಅಲ್ಲಿ ಕೇಳುವ ಪ್ರಶ್ನೆಗಳು ಒಂದೇ. 2022ರಿಂದ ‘ಗೂಗಲ್ ಸಮ್ಮರ್ ಆಫ್ ಕೋಡ್’ ಕೂಡ ವಿದ್ಯಾರ್ಥಿಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ, ಓದು ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹೊಸಬರೂ ಅರ್ಜಿ ಹಾಕಬಹುದು.

ನಾಳೆ ನಾವೇ ಯಾವುದೋ ಕಂಪನಿಯಲ್ಲಿ ಕೂತಾಗ, ಬಿಡುಗಡೆಯ ದಿನ ಹತ್ತಿರ ಬಂದಿರುತ್ತದೆ, ಮ್ಯಾನೇಜರ್ ಆತುರದಲ್ಲಿರುತ್ತಾರೆ, ಎರಡು ಸಾಲು ತೆಗೆದರೆ ಎಚ್ಚರಿಕೆಯ ಸಂದೇಶ ಮಾಯವಾಗುತ್ತದೆ. ಆ ಹೊತ್ತಿನಲ್ಲಿ ಡೆಬಿಯನ್‌ನ ಆ ಎರಡು ಸಾಲು ನೆನಪಾಗಲಿ. ತೇಪೆ ಹಾಕಲೇಬೇಕಾದರೆ ಹಾಕೋಣ, ಆದರೆ ಅದೇ ದಿನ ಮೂಲದವರಿಗೂ ಆ ಪ್ಯಾಚ್ ಕಳಿಸೋಣ. ಅವರ ಉತ್ತರ ಬರುವ ತನಕ ನಮ್ಮ ಕೆಲಸ ಮುಗಿದಿಲ್ಲ ಎಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳೋಣ.